ಸೇರಿಸುವ ಮುನ್ನ ಸಡಿಲವನ್ನು ನೋಡೋಣ

ದಿಲ್ಲಿಯ ಕರೋಲ್‌ಬಾಗ್, ಪುಣೆಯ ನಾನಾ ಪೇಠ್, ಚೆನ್ನೈಯ ಜನರಲ್ ಪ್ಯಾಟರ್ಸ್ ರೋಡ್, ಊರಿಗೆ ಬಂದರೆ ಬೆಂಗಳೂರಿನ ಜೆ.ಸಿ. ರೋಡ್. ಈ ಬೀದಿಗಳಲ್ಲಿ ಯಾವುದಕ್ಕೆ ಹೋದರೂ ಕಾರಿಗೆ ತೊಡಿಸುವ ಒಡವೆಗಳಿಗೆ ಬರವಿಲ್ಲ. ಹೊಳೆಯುವ ಅಲಾಯ್ ಚಕ್ರ, ಅಗಲದ ಟಯರು, ಗಾಡಿಯನ್ನು ನೆಲಕ್ಕೆ ತಗ್ಗಿಸುವ ಗಿಡ್ಡ ಸ್ಪ್ರಿಂಗು, ರೇಸಿನ ಕಾರಿನದರಂತೆ ಕಾಣುವ ಚಿಕ್ಕ ಸ್ಟೀರಿಂಗು. ಇವನ್ನು ಕೊಳ್ಳುವ ತರುಣರಲ್ಲಿ ಅನೇಕರಿಗೆ ಬೇಕಾದದ್ದು ಬರಿಯ ಅಂದವಲ್ಲ. ಸ್ಟೀರಿಂಗು ಚುರುಕಾಗಬೇಕು, ಗಾಡಿ ಹೇಳಿದ ಮಾತು ಕೇಳಬೇಕು ಎಂಬುದು ಅವರ ಆಸೆ. ಆಸೆಯಲ್ಲಿ ತಪ್ಪಿಲ್ಲ. ಆದರೆ ಗಾಡಿ ನಮ್ಮ ಮಾತು ಕೇಳುವಷ್ಟೇ ಮುಖ್ಯವಾದುದು ಗಾಡಿಯ ಮಾತು ನಮಗೆ ಕೇಳಿಸುವುದು. ಅಂಗಡಿಯಲ್ಲಿ ಕೊಂಡು ತಂದು ಜೋಡಿಸುವ ಬಹುಪಾಲು ವಸ್ತುಗಳು ಮೊದಲನೆಯದನ್ನು ತುಸು ಹೆಚ್ಚಿಸಿ ಎರಡನೆಯದನ್ನು ಕೆಡಿಸುತ್ತವೆ ಎಂಬುದು ನಮ್ಮ ವಾದ. ಸ್ಟೀರಿಂಗನ್ನು ಉತ್ತಮಗೊಳಿಸುವ ಕೆಲಸ ಶುರುವಾಗಬೇಕಾದದ್ದು ಹೊಸದನ್ನು ಸೇರಿಸುವುದರಿಂದಲ್ಲ, ಇರುವುದರಲ್ಲಿ ಸಡಿಲವಾದದ್ದನ್ನು ಕಂಡು ಸರಿಪಡಿಸುವುದರಿಂದ.

ಇಂಗ್ಲಿಷಿನಲ್ಲಿ 'ಸ್ಟೀರಿಂಗ್ ಫೀಲ್' ಎಂಬ ಮಾತಿದೆ. ಅದಕ್ಕೆ ನಮ್ಮಲ್ಲಿ ನೆಲೆನಿಂತ ಪದವಿಲ್ಲವಾದರೂ ಅದರ ಅರಿವು ನಮ್ಮವರಿಗೆ ಹೊಸದಲ್ಲ. ಎತ್ತಿನ ಗಾಡಿ ಹೂಡಿದವನು ಕಣ್ಣು ದಾರಿಯ ಮೇಲಿಟ್ಟಿದ್ದರೂ ಎತ್ತುಗಳ ಮನಸ್ಸನ್ನು ಅರಿಯುತ್ತಿದ್ದುದು ಕೈಯಲ್ಲಿದ್ದ ಹಗ್ಗದಿಂದ. ಮೂಗುದಾರದ ಹಗ್ಗ ಎಷ್ಟು ಬಿಗಿಯಾಗಿದೆ, ಎಲ್ಲಿ ಸಡಿಲಿತು, ಯಾವ ಎತ್ತು ಕೊಸರುತ್ತಿದೆ ಎಂಬುದೆಲ್ಲ ಬೆರಳಿಗೆ ಮುಟ್ಟುತ್ತಿತ್ತು. ಆ ಹಗ್ಗ ಅಪ್ಪಣೆ ಹೊತ್ತೊಯ್ಯುವ ದಾರಿಯೂ ಹೌದು, ಸುದ್ದಿ ತರುವ ದಾರಿಯೂ ಹೌದು. ಕಾರಿನ ಸ್ಟೀರಿಂಗೂ ಅಂತಹದೇ. ಅದರಿಂದ ಬರುವ ಸುದ್ದಿಯನ್ನು ಈ ಬರಹದಲ್ಲಿ 'ಕೈಯರಿವು' ಎಂದು ಕರೆಯುತ್ತೇವೆ.

ಈ ಕೈಯರಿವು ಹುಟ್ಟುವುದು ಎಲ್ಲಿಂದ? ಟಯರು ನೆಲವನ್ನು ಮುಟ್ಟುವ ಜಾಗ ಸುಮಾರಾಗಿ ಒಂದು ಅಂಗೈಯಷ್ಟು. ತಿರುವಿನಲ್ಲಿ ಆ ಅಂಗೈಯಗಲದ ರಬ್ಬರು ರಸ್ತೆಯನ್ನು ಹಿಡಿದು ತುಸು ತಿರುಚಿಕೊಳ್ಳುತ್ತದೆ. ಕಾರನ್ನು ಪಕ್ಕಕ್ಕೆ ತಿರುಗಿಸುವ ಬಲವು ಆ ಜಾಗದ ಸರಿಯಾದ ನಡುವಿನಲ್ಲಿರದೆ ಸ್ವಲ್ಪ ಹಿಂದೆ ನೆಲೆಸುತ್ತದೆ. ಆದ್ದರಿಂದ ಚಕ್ರವು ತಾನಾಗಿಯೇ ನೇರವಾಗಲು ಎಳೆಯುತ್ತದೆ. ಸೈಕಲ್ಲಿನ ಮುಂದಿನ ಫೋರ್ಕು ಓರೆಯಾಗಿರುವಂತೆ ಕಾರಿನ ಮುಂದಿನ ಚಕ್ರಗಳು ತಿರುಗುವ ಅಕ್ಷವೂ ಹಿಂದಕ್ಕೆ ವಾಲಿರುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಇದಕ್ಕೆ ಕ್ಯಾಸ್ಟರ್ ಎನ್ನುತ್ತಾರೆ. ಅದೂ ಚಕ್ರವನ್ನು ನೇರಕ್ಕೆ ಎಳೆಯುತ್ತದೆ. ಈ ಎರಡು ಎಳೆತಗಳು ಕೂಡಿ ನಮ್ಮ ಕೈಗೆ ತಿಳಿಯುವ ಹದವಾದ ಬಿಗಿಯಾಗುತ್ತವೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಟಯರಿನ ಹಿಡಿತ ಮುಗಿಯುತ್ತ ಬಂದಂತೆ ಆ ಬಲ ನೆಲೆಸಿದ ಜಾಗವು ಹಿಂದಿನಿಂದ ನಡುವಿನತ್ತ ಸರಿಯುತ್ತದೆ. ಎಳೆತ ಕಡಿಮೆಯಾಗಿ ಸ್ಟೀರಿಂಗು ಹಗುರವಾಗುತ್ತದೆ. ಹಿಡಿತ ತಪ್ಪಿದ ಮೇಲೆ ಅಲ್ಲ, ತಪ್ಪುವುದಕ್ಕೆ ಮುಂಚೆಯೇ. ಮಳೆ ಬಿದ್ದ ಘಾಟಿಯ ತಿರುವಿನಲ್ಲಿ, ನೀರು ನಿಂತ ಹೆದ್ದಾರಿಯಲ್ಲಿ, ಕಣ್ಣಿಗೆ ಕಾಣದ ಅಪಾಯವನ್ನು ಕೈಗೆ ಮೊದಲು ತಿಳಿಸುವುದು ಈ ಹಗುರವೇ. ಆದ್ದರಿಂದ ಕೈಯರಿವು ಶೋಕಿಯ ಮಾತಲ್ಲ, ಮನೆಮಂದಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಓಡಿಸುವವನಿಗೆ ಸಿಗುವ ಮುನ್ನೆಚ್ಚರಿಕೆ.

ಸ್ಟೀರಿಂಗಿನ ಲೆಕ್ಕಾಚಾರ ಕಾರಿಗಿಂತ ಹಳೆಯದು ಎಂಬುದು ನಮ್ಮ ಸಾಹಿತ್ಯಾಸಕ್ತ ಓದುಗರಿಗೆ ರುಚಿಸಬಹುದು. ತಿರುವಿನಲ್ಲಿ ಒಳಗಿನ ಚಕ್ರ ಚಿಕ್ಕ ವೃತ್ತವನ್ನೂ ಹೊರಗಿನ ಚಕ್ರ ದೊಡ್ಡ ವೃತ್ತವನ್ನೂ ಬಳಸಬೇಕು. ಹಾಗಾಗಿ ಒಳಗಿನದು ಹೆಚ್ಚು ತಿರುಗಬೇಕು. ಕುದುರೆ ಸಾರೋಟಿಗಾಗಿ ಈ ಏರ್ಪಾಡನ್ನು 1817ರಲ್ಲಿ ರೂಪಿಸಿದವನು ಮ್ಯೂನಿಕ್ಕಿನ ಗಾಡಿ ತಯಾರಕ ಗೇಯಾರ್ಗ್ ಲಾಂಕೆನ್‌ಸ್ಪೆರ್ಗರ್. 1818ರಲ್ಲಿ ಲಂಡನ್ನಿನಲ್ಲಿ ಅವನ ಪರವಾಗಿ ಪೇಟೆಂಟು ಪಡೆದವನು ರುಡಾಲ್ಫ್ ಆಕರ್‌ಮನ್. ಈ ಆಕರ್‌ಮನ್ ಪುಸ್ತಕ ಮತ್ತು ಮುದ್ರಿತ ಚಿತ್ರಗಳ ಪ್ರಕಾಶಕನೆಂದೇ ಹೆಸರಾದವನು. ಇಂದಿಗೂ ಜಗತ್ತಿನ ಇಂಜಿನಿಯರುಗಳು ಆ ಜ್ಯಾಮಿತಿಯನ್ನು ಪ್ರಕಾಶಕನ ಹೆಸರಿನಿಂದಲೇ ಕರೆಯುತ್ತಾರೆ. ನಾವು ಹೇಳಹೊರಟದ್ದು ಇಷ್ಟು: ಸ್ಟೀರಿಂಗ್ ಎಂಬುದು ಕೈಗೆ ಹಿಡಿಯುವ ಒಂದು ಚಕ್ರವಲ್ಲ, ಒಂದಕ್ಕೊಂದು ಲೆಕ್ಕವಿಟ್ಟು ಜೋಡಿಸಿದ ಕೋನಗಳ ಮತ್ತು ಸರಳುಗಳ ಒಂದು ಕೂಟ. ಅದರಲ್ಲಿ ಒಂದನ್ನು ಕದಲಿಸಿದರೆ ಉಳಿದವು ಸುಮ್ಮನಿರುವುದಿಲ್ಲ.

ಹಳೆಯ ಗಾಡಿಗಳ ಸ್ಟೀರಿಂಗೇ ಚೆನ್ನಾಗಿತ್ತು, ಈಗಿನವು ಮೂಕವಾಗಿವೆ ಎಂಬ ಹಳಹಳಿಯನ್ನು ನಾವು ಒಪ್ಪಲಾರೆವು. ಮುಂಬಯಿಯ ಓದುಗರಿಗೆ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಮರೆಯುವಂತಹದಲ್ಲ. 2023ರ ಅಕ್ಟೋಬರಿನಲ್ಲಿ ಕೊನೆಯ ಕಪ್ಪು ಹಳದಿ ಪದ್ಮಿನಿ ತನ್ನ ವಯೋಮಿತಿ ಮುಗಿಸಿ ನಿವೃತ್ತಿಯಾದಾಗ ನಗರವೇ ನಿಟ್ಟುಸಿರಿಟ್ಟಿತು. ಆದರೆ ಯಂತ್ರದ ನೆರವಿಲ್ಲದ ಆ ಸ್ಟೀರಿಂಗನ್ನು ನಿಂತಲ್ಲಿ ತಿರುಗಿಸಲು ರಟ್ಟೆಯ ಬಲ ಬೇಕಿತ್ತು. ವರ್ಷಗಟ್ಟಲೆ ಓಡಿದ ಗಾಡಿಯಲ್ಲಿ ಸ್ಟೀರಿಂಗು ಅತ್ತಿತ್ತ ತೂಗಾಡುವುದೂ ಮಾಮೂಲಾಗಿತ್ತು. ಹಾಗೆ ತೂಗಾಡುವ ಸ್ಟೀರಿಂಗು ಮಾತಾಡುವುದಿಲ್ಲ, ಗೊಣಗುತ್ತದೆ.

1951ರಲ್ಲಿ ಅಮೆರಿಕದ ಕ್ರೈಸ್ಲರ್ ಇಂಪೀರಿಯಲ್ ಎಣ್ಣೆಯ ಒತ್ತಡದ ಪವರ್ ಸ್ಟೀರಿಂಗನ್ನು ಮಾರುಕಟ್ಟೆಗೆ ತಂದಿತು. 1988ರಲ್ಲಿ ಜಪಾನಿನ ಪುಟ್ಟ ಕಾರು ಸುಜುಕಿ ಸರ್ವೋ ವಿದ್ಯುತ್ ಮೋಟಾರಿನ ನೆರವನ್ನು ತಂದಿತು. ಎಣ್ಣೆಯ ಪಂಪು ಇಂಜಿನ್ ಓಡುವಷ್ಟು ಹೊತ್ತೂ ತಿರುಗುತ್ತಿರಬೇಕು. ಮೋಟಾರು ಬೇಕಾದಾಗ ಮಾತ್ರ ದುಡಿಯುತ್ತದೆ, ಇಂಧನ ಉಳಿಯುತ್ತದೆ. ಇದರಿಂದಾಗಿ ಮೊಣಕೈ ನೋವಿನ ಹಿರಿಯರೂ ಇಕ್ಕಟ್ಟಿನ ಸೊಸೈಟಿಯಲ್ಲಿ ಒಂದೇ ಬೆರಳಿನಿಂದ ಗಾಡಿ ನಿಲ್ಲಿಸಬಲ್ಲರು. ಇದು ಸಣ್ಣ ಉಪಕಾರವಲ್ಲ. ಅದಕ್ಕೆ ಕೊಟ್ಟ ಬೆಲೆಯೆಂದರೆ ಟಯರಿನ ಪಿಸುಮಾತು ಮೋಟಾರಿನ ಮೂಲಕ ಹಾದು ಬರುವಾಗ ಇನ್ನಷ್ಟು ತೆಳ್ಳಗಾಗುತ್ತದೆ. ಪಿಸುಮಾತು ಮೊದಲೇ ತೆಳ್ಳಗಿರುವಾಗ ದಾರಿಯಲ್ಲಿ ಗದ್ದಲ ಹೆಚ್ಚಿಸುವುದು ಜಾಣತನವಲ್ಲ. ಮಾರ್ಪಾಡಿನ ಹೆಸರಿನಲ್ಲಿ ನಡೆಯುತ್ತಿರುವುದು ಮಾತ್ರ ಅದೇ.

ನಮ್ಮ ದೇಶದ ರಸ್ತೆಗಳಲ್ಲಿ ಹೇರಳವಾಗಿರುವ ಮಾರುತಿ ಸ್ವಿಫ್ಟ್ ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 2011ರಲ್ಲಿ ಬಂದ ಅದರ ಎರಡನೆಯ ಪೀಳಿಗೆಯಲ್ಲಿ ಅಗ್ಗದ ಮಾದರಿಗೆ 165/80 ಆರ್14 ಟಯರು, ದುಬಾರಿ ಮಾದರಿಗೆ 185/65 ಆರ್15. ಇವುಗಳ ಪಕ್ಕದ ಗೋಡೆಯ ಎತ್ತರ ಕ್ರಮವಾಗಿ 132 ಮತ್ತು ಸುಮಾರು 120 ಮಿಲಿಮೀಟರು. ಒಂದಿಂಚು ದೊಡ್ಡ ಚಕ್ರಕ್ಕೆ 195/55 ಆರ್16 ಹಾಕಿದರೆ ಗೋಡೆ 107 ಮಿಲಿಮೀಟರಿಗೆ ಇಳಿಯುತ್ತದೆ. ಟಯರಿನ ಒಟ್ಟು ವ್ಯಾಸ 15 ಇಂಚಿನ ಮಾದರಿಗಿಂತ ಒಂದು ಮಿಲಿಮೀಟರೂ ಬದಲಾಗುವುದಿಲ್ಲ. ಗೋಡೆ ಗಿಡ್ಡವಾದಷ್ಟೂ ಕಡಿಮೆ ಬಾಗುತ್ತದೆ, ಸ್ಟೀರಿಂಗಿಗೆ ಬೇಗ ಓಗೊಡುತ್ತದೆ. ಇಷ್ಟರ ಮಟ್ಟಿಗೆ ಲಾಭವೇ. ಆಸೆ ಇನ್ನೂ ಬೆಳೆದು 205/45 ಆರ್17ಕ್ಕೆ ಹೋದರೆ ರಿಮ್ಮಿಗೂ ರಸ್ತೆಗೂ ನಡುವೆ ಉಳಿಯುವ ರಬ್ಬರು 92 ಮಿಲಿಮೀಟರು ಮಾತ್ರ. ನಮ್ಮ ಹೊಂಡಗಳು ಟಯರಿನ ಅಳತೆ ಕೇಳಿ ತೋಡಿಕೊಂಡವಲ್ಲ. ಒಂದೇ ಏಟಿಗೆ ರಿಮ್ಮು ಸೊಟ್ಟಗಾಗುತ್ತದೆ, ಸೊಟ್ಟ ರಿಮ್ಮಿನ ನಡುಕದಲ್ಲಿ ಕೈಯರಿವು ಮುಳುಗುತ್ತದೆ.

ಅಳತೆಗಿಂತ ಹೆಚ್ಚು ಕೇಡು ಮಾಡುವುದು ಆಫ್‌ಸೆಟ್ಟು. ಅಲಾಯ್ ರಿಮ್ಮಿನ ಒಳಮೈಯಲ್ಲಿ ಇ.ಟಿ. ಎಂಬ ಗುರುತಿನೊಡನೆ ಒಂದು ಸಂಖ್ಯೆಯಿರುತ್ತದೆ. ಅಗಲ ಅಷ್ಟೇ ಇದ್ದು ಆ ಸಂಖ್ಯೆ ಮೂಲದ್ದಕ್ಕಿಂತ 15 ಕಡಿಮೆಯಾದರೆ ಚಕ್ರವು 15 ಮಿಲಿಮೀಟರು ಹೊರಕ್ಕೆ ಚಾಚಿಕೊಳ್ಳುತ್ತದೆ. ನೋಡುವವರಿಗೆ ಗಾಡಿ ಎದೆಯುಬ್ಬಿಸಿ ನಿಂತಂತೆ ಕಾಣುತ್ತದೆ. ಆದರೆ ಚಕ್ರ ತಿರುಗುವ ಅಕ್ಷಕ್ಕೂ ಟಯರಿನ ನಡುವಿಗೂ ಕಂಪನಿಯವರು ಇಟ್ಟಿದ್ದ ಅಂತರವೂ ಅಷ್ಟೇ ಬದಲಾಗಿರುತ್ತದೆ. ರಸ್ತೆಯ ಪ್ರತಿಯೊಂದು ಕೊರಕಲೂ ಸ್ಟೀರಿಂಗನ್ನು ಜಗ್ಗತೊಡಗುತ್ತದೆ. ಒಂದು ಚಕ್ರ ನೀರಿನಲ್ಲಿ, ಇನ್ನೊಂದು ಒಣ ನೆಲದಲ್ಲಿರುವಾಗ ಬ್ರೇಕು ಒತ್ತಿದರೆ ಗಾಡಿ ಒಂದೇ ಕಡೆಗೆ ಎಳೆಯಬಹುದು. ಈ ಜಗ್ಗಾಟವನ್ನೇ ಕೆಲವರು ಕೈಯರಿವೆಂದು ಭ್ರಮಿಸುವುದುಂಟು. ಗದ್ದಲ ಬೇರೆ, ಸುದ್ದಿ ಬೇರೆ.

ಗಿಡ್ಡ ಸ್ಪ್ರಿಂಗುಗಳ ಕಥೆಯೂ ಇಂತಹದೇ. ಚಕ್ರವು ಮೇಲೆ ಕೆಳಗೆ ಆಡುವಾಗ ಅದನ್ನು ಹಿಡಿದ ಕೆಳಗಿನ ಆರ್ಮು ಒಂದು ಕಮಾನಿನಲ್ಲಿ ಚಲಿಸುತ್ತದೆ. ಸ್ಟೀರಿಂಗಿನ ಟೈ ರಾಡು ಇನ್ನೊಂದು ಕಮಾನಿನಲ್ಲಿ ಚಲಿಸುತ್ತದೆ. ಮೂಲ ಎತ್ತರದಲ್ಲಿ ಈ ಎರಡು ಕಮಾನುಗಳು ಆದಷ್ಟು ಹೊಂದಿಕೊಂಡು ಹೋಗುವಂತೆ ವಿನ್ಯಾಸವಿರುತ್ತದೆ. ಸ್ಪ್ರಿಂಗು ಕತ್ತರಿಸಿ ಗಾಡಿಯನ್ನು ಎರಡು ಇಂಚು ತಗ್ಗಿಸಿದಾಗ ಆ ಹೊಂದಿಕೆ ತಪ್ಪುತ್ತದೆ. ಆಗ ಉಬ್ಬುತಗ್ಗು ಬಂದಾಗಲೆಲ್ಲ ಕೈ ಅಲುಗದಿದ್ದರೂ ಚಕ್ರಗಳು ತಮ್ಮಷ್ಟಕ್ಕೆ ತಿರುಗುತ್ತವೆ. ಇನ್ನು ಚಿಕ್ಕ ಸ್ಟೀರಿಂಗಿನ ಮಾತು. ಅದು ಚುರುಕೆನಿಸುವುದು ಕೈ ಕಡಿಮೆ ದೂರ ಚಲಿಸುವುದರಿಂದ. ಒಳಗಿನ ಹಲ್ಲುಗಳ ಅನುಪಾತ ಒಂದಿಷ್ಟೂ ಬದಲಾಗಿರುವುದಿಲ್ಲ. ಇಷ್ಟು ಅಲ್ಪ ಲಾಭಕ್ಕಾಗಿ ಕಳಚಿಡುವುದು ಏರ್‌ಬ್ಯಾಗನ್ನು. 2019ರ ಜುಲೈಯಿಂದ ಪ್ರತಿಯೊಂದು ಹೊಸ ಕಾರಿನಲ್ಲಿಯೂ ಚಾಲಕನ ಮುಂದೆ ಕಡ್ಡಾಯ ಮಾಡಿದ ಜೀವರಕ್ಷಕ ಅದು. ಇದಕ್ಕಿಂತ ತುಟ್ಟಿಯಾದ ವ್ಯಾಪಾರ ಬೇರಿಲ್ಲ.

ಹಾಗಾದರೆ ಕೈಯರಿವನ್ನು ಹೆಚ್ಚಿಸಬಯಸುವವರು ಏನು ಮಾಡಬೇಕು? ನಮ್ಮ ಸಲಹೆಯಲ್ಲಿ ಅನುಕ್ರಮಕ್ಕೆ ಮಹತ್ತ್ವವಿದೆ. ಮೊದಲನೆಯದು ಗಾಳಿ. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿರುವ ಒತ್ತಡವನ್ನು, ಟಯರು ತಣ್ಣಗಿರುವಾಗ ಅಳೆದು ತುಂಬಬೇಕು. ಗಾಳಿ ಕಡಿಮೆಯಾದ ಟಯರಿನ ಗೋಡೆ ಮೊದಲು ತಾನು ಬಾಗಿ ಆಮೇಲೆ ಗಾಡಿಯನ್ನು ತಿರುಗಿಸುತ್ತದೆ. ಎರಡನೆಯದು ಟಯರಿನ ವಯಸ್ಸು. ಅದರ ಮೈಮೇಲೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಗೀರು ಎಷ್ಟೇ ಆಳ ಉಳಿದಿರಲಿ, ಗಡುಸಾದ ರಬ್ಬರಿಗೆ ನೆಲದ ಹಿಡಿತವೂ ಕಡಿಮೆ, ಮಾತೂ ಕಡಿಮೆ.

ಮೂರನೆಯದು ಸಡಿಲ, ಗ್ಯಾರೇಜಿನವರು 'ಪ್ಲೇ' ಎನ್ನುವುದು. ಇಂಜಿನ್ ಚಾಲೂ ಇಟ್ಟು ಒಬ್ಬರು ಸ್ಟೀರಿಂಗನ್ನು ಸ್ವಲ್ಪವೇ ಅತ್ತಿತ್ತ ಆಡಿಸಬೇಕು. ಬಲ್ಲ ಮೆಕ್ಯಾನಿಕ್ಕು ಕೆಳಗಿನಿಂದ ಟೈ ರಾಡಿನ ತುದಿ, ರ್ಯಾಕ್ ಎಂಡ್, ಬಾಲ್ ಜಾಯಿಂಟು, ಸ್ಟ್ರಟ್ಟಿನ ಮೇಲಿನ ಬೇರಿಂಗು ಇವುಗಳಲ್ಲಿ ಒಂದೊಂದನ್ನೂ ಮುಟ್ಟಿ ನೋಡಬೇಕು. ನಾಲ್ಕನೆಯದು ಕೆಳಗಿನ ಆರ್ಮಿನ ರಬ್ಬರ್ ಬುಶ್ಶುಗಳು. ಬಿರುಕು ಬಿಟ್ಟ ಬುಶ್ಶು ಬದಲಾಯಿಸಿದಾಗ ಹಳೆಯ ಗಾಡಿಯಲ್ಲಿ ಮೂಡುವ ಚುರುಕು ದುಬಾರಿ ಚಕ್ರಗಳಿಂದಲೂ ಬರುವುದಿಲ್ಲ. ರಬ್ಬರಿನ ಬದಲು ಪಾಲಿಯುರಿಥೇನ್ ಹಾಕಿಸಿದರೆ ಬಿಗಿ ಇನ್ನೂ ಹೆಚ್ಚುತ್ತದೆ. ಅದರ ಜೊತೆಗೆ ನಡುಕವೂ ಸದ್ದೂ ಒಳಬರುತ್ತವೆ. ಅದನ್ನು ಬಲ್ಲವರು ಮಾತ್ರ ಆ ದಾರಿ ಹಿಡಿಯಲಿ. ಐದನೆಯದು ಅಲೈನ್‌ಮೆಂಟು. ಅದನ್ನು ಕೊನೆಗೆ ಮಾಡಿಸಬೇಕು. ಸಡಿಲವಾದ ಭಾಗಗಳನ್ನು ಹಾಗೆಯೇ ಬಿಟ್ಟು ಮಾಡಿಸಿದ ಅಲೈನ್‌ಮೆಂಟು ಮೊದಲ ಹೊಂಡದವರೆಗೆ ಮಾತ್ರ. ಮೊದಲಿನ ಮತ್ತು ನಂತರದ ಅಂಕಿಗಳ ಚೀಟಿಯನ್ನು ಕೇಳಿ ಪಡೆಯಬೇಕು. ಎಡ ಬಲಗಳ ಕ್ಯಾಸ್ಟರಿನಲ್ಲಿ ದೊಡ್ಡ ಅಂತರ ಕಂಡರೆ ಯಾವುದೋ ಭಾಗ ಬಾಗಿರಬಹುದೆಂದು ತಿಳಿದು ಪರೀಕ್ಷೆ ಮಾಡಿಸಬೇಕು. ಇಷ್ಟಾದ ಮೇಲೂ ಬದಲಾವಣೆ ಬೇಕೆನಿಸಿದರೆ ಒಮ್ಮೆಗೆ ಒಂದನ್ನೇ ಮಾಡಿ, ಪರಿಚಿತವಾದ ಒಂದೇ ರಸ್ತೆಯಲ್ಲಿ ಓಡಿಸಿ ನೋಡಬೇಕು. ಒಂದೇ ದಿನ ಚಕ್ರ, ಸ್ಪ್ರಿಂಗು, ಬುಶ್ಶು ಎಲ್ಲವನ್ನೂ ಬದಲಾಯಿಸಿದವರಿಗೆ ಯಾವುದರಿಂದ ಏನಾಯಿತೆಂದು ಎಂದಿಗೂ ತಿಳಿಯುವುದಿಲ್ಲ.

ಇದು ಮಾಲೀಕರ ಪಾಲಿನ ಮಾತಾಯಿತು. ಸರಕಾರದ ಪಾಲೂ ಇದೆ. ನಿಯಮಗಳನ್ನು ಓದುವುದೇ ವೃತ್ತಿಯಾಗಿರುವ ನಮ್ಮಂಥವರಿಗೆ ಇಲ್ಲಿ ಒಂದು ವಿಚಿತ್ರ ಕಾಣುತ್ತದೆ. ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ನಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಕಾನೂನುಬಾಹಿರವಾದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಎರಡನ್ನೂ ವಿಧಿಸಲು ಅವಕಾಶವಾಯಿತು. ಸೇರಿಸಿದ್ದರ ಮೇಲೆ ಇಷ್ಟು ಕಣ್ಣು. ಸಡಿಲವಾದದ್ದರ ಮೇಲೆ? ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮವು ಸ್ಟೀರಿಂಗು ಸುಸ್ಥಿತಿಯಲ್ಲಿರಬೇಕು, ಅದರ ಸಡಿಲವು ಸ್ಟೀರಿಂಗ್ ಚಕ್ರದಲ್ಲಿ 30 ಡಿಗ್ರಿ ಮೀರಬಾರದು ಎನ್ನುತ್ತದೆ. 30 ಡಿಗ್ರಿಯೆಂದರೆ ವೃತ್ತದ ಹನ್ನೆರಡನೆಯ ಒಂದು ಪಾಲು. 37 ಸೆಂಟಿಮೀಟರು ವ್ಯಾಸದ ಸ್ಟೀರಿಂಗಿನ ಅಂಚಿನಲ್ಲಿ ಅದು ಸುಮಾರು ಹತ್ತು ಸೆಂಟಿಮೀಟರು. ಗಂಟೆಗೆ 100 ಕಿಲೋಮೀಟರಿನ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 28 ಮೀಟರು ಸಾಗುತ್ತದೆ. ಆ ವೇಗದಲ್ಲಿ ಅಂಗೈಯಗಲದಷ್ಟು ಖಾಲಿ ತಿರುಗುವ ಸ್ಟೀರಿಂಗು ಕಾನೂನಿನ ಕಣ್ಣಿಗೆ ನಿರ್ದೋಷಿ.

ಆ ಉದಾರವಾದ 30 ಡಿಗ್ರಿಯನ್ನಾದರೂ ಅಳೆಯುವವರು ಯಾರು? ಖಾಸಗಿ ಕಾರಿನ ನೋಂದಣಿ 15 ವರ್ಷ ಊರ್ಜಿತ. ಅಷ್ಟು ಕಾಲ ಫಿಟ್‌ನೆಸ್ ಪರೀಕ್ಷೆಗೆ ಅದನ್ನು ಒಯ್ಯಬೇಕಾದ ಕಟ್ಟಳೆಯಿಲ್ಲ. ನಡುವೆ ತಪ್ಪದೆ ನಡೆಯುವುದು ಹೊಗೆಯ ಪರೀಕ್ಷೆ ಮಾತ್ರ. ಹೊಗೆಕೊಳವೆಗೆ ನಳಿಕೆ ಇಡುವವರು ಸ್ಟೀರಿಂಗನ್ನು ಮುಟ್ಟಿಯೂ ನೋಡುವುದಿಲ್ಲ. ಹೀಗಾಗಿ ತಿಳಿದು, ಒಳ್ಳೆಯ ಬುಶ್ಶು ಹಾಕಿಸಿ, ಹೊಂದುವ ಟಯರು ಆರಿಸಿದವನು ತಾನು ಕಾನೂನು ಮೀರಿದೆನೇ ಎಂದು ಅಳುಕುತ್ತಾನೆ. ಹದಿನಾಲ್ಕು ವರ್ಷದ ಗಾಡಿಯನ್ನು ಸವೆದ ಜಾಯಿಂಟುಗಳೊಡನೆ ಓಡಿಸುವವನು ನಿಶ್ಚಿಂತನಾಗಿದ್ದಾನೆ.

ಮಾರ್ಪಾಡಿಗೆ ಕಡಿವಾಣ ಬೇಡವೆಂದು ನಾವು ಹೇಳುತ್ತಿಲ್ಲ. ಮೇಲೆ ವಿವರಿಸಿದ ಆಫ್‌ಸೆಟ್ಟು, ಕತ್ತರಿಸಿದ ಸ್ಪ್ರಿಂಗು, ಕಳಚಿದ ಏರ್‌ಬ್ಯಾಗುಗಳನ್ನು ನೋಡಿದರೆ ಕಡಿವಾಣ ಬೇಕೇ ಬೇಕು. ಆ ಗಾಡಿಗಳು ಓಡುವುದು ಇತರರ ಮಕ್ಕಳು ದಾಟುವ ರಸ್ತೆಗಳಲ್ಲಿಯೇ. ಆದರೆ ನಿಷೇಧವೊಂದೇ ಕಡಿವಾಣವಲ್ಲ. ಜರ್ಮನಿಯಲ್ಲಿ ಪರೀಕ್ಷಿಸಿ ಒಪ್ಪಿಗೆ ಪಡೆದ ಚಕ್ರ, ಸ್ಪ್ರಿಂಗುಗಳನ್ನು ಹಾಕಿಸಿ, ಅಗತ್ಯವಿದ್ದಲ್ಲಿ ಪರಿಣತರಿಂದ ತಪಾಸಣೆ ಮಾಡಿಸಿ ವಾಹನದ ದಾಖಲೆಯಲ್ಲಿ ನಮೂದಿಸಿಕೊಳ್ಳುವ ದಾರಿಯಿದೆ. ನಿಗದಿತ ಅವಧಿಗೊಮ್ಮೆ ಖಾಸಗಿ ಕಾರುಗಳ ಸ್ಟೀರಿಂಗ್, ಬ್ರೇಕುಗಳ ಪರೀಕ್ಷೆಯೂ ಅಲ್ಲಿ ಕಡ್ಡಾಯ. ನಮ್ಮಲ್ಲಿಯೂ ಎರಡು ಕೆಲಸ ಆಗಬೇಕು. ಒಂದು, ಇಂತಿಂಥ ಮಾದರಿಗೆ ಇಂತಿಂಥ ಅಳತೆ ಹೊಂದುತ್ತದೆ ಎಂದು ಪರೀಕ್ಷಿಸಿ ಒಪ್ಪಿದ ಭಾಗಗಳ ಪಟ್ಟಿ. ಎರಡು, ಐದೋ ಆರೋ ವರ್ಷ ದಾಟಿದ ಪ್ರತಿ ಕಾರಿಗೂ ಹೊಗೆಯ ಪರೀಕ್ಷೆಯ ಜೊತೆಯಲ್ಲಿಯೇ ಸ್ಟೀರಿಂಗಿನ ಸಡಿಲದ ಪರೀಕ್ಷೆ. ಎರಡನೆಯದಕ್ಕೆ ದುಬಾರಿ ಯಂತ್ರವೂ ಬೇಡ. ಕೋನ ಅಳೆಯುವ ಒಂದು ಸಾಧನ, ಗಾಡಿಯ ಕೆಳಗೆ ಇಳಿಯಲು ಒಂದು ಗುಂಡಿ, ತಿಳಿದ ಎರಡು ಕೈಗಳಿದ್ದರೆ ಸಾಕು.

ಇನ್ನೊಂದು ಆತಂಕ ನ್ಯಾಯವಾದದ್ದು. ಇಂತಹ ಪರೀಕ್ಷೆ ಲಂಚದ ಹೊಸ ಬಾಗಿಲಾದೀತು, ಬಡವನ ಹಳೆಯ ಗಾಡಿಗೆ ಕುತ್ತಾದೀತು ಎನ್ನುವವರಿದ್ದಾರೆ. ಆದರೆ ಸಡಿಲವೆಂಬುದು ಕಣ್ಣಿಗೆ ಕಾಣುವ ಅಳತೆ. ಮಾಲೀಕನ ಎದುರಿಗೇ ಅಳೆದು ಅಂಕಿಯನ್ನು ಬರೆದುಕೊಟ್ಟರೆ ಚೌಕಾಸಿಗೆ ಜಾಗ ಕಡಿಮೆ. ಟೈ ರಾಡಿನ ತುದಿಯೂ ಬುಶ್ಶೂ ಕಾರಿನ ಭಾಗಗಳಲ್ಲಿ ಅಗ್ಗದವು. ಅವನ್ನು ಬದಲಾಯಿಸುವ ಖರ್ಚನ್ನು ಒಂದು ಜೊತೆ ಅಲಾಯ್ ಚಕ್ರದ ಬೆಲೆಯೊಡನೆ ಹೋಲಿಸಿ ನೋಡಿದರೆ ಬಡವನಿಗೆ ಯಾವುದು ಭಾರವೆಂಬುದು ತಾನೇ ತಿಳಿಯುತ್ತದೆ.

ಹೊರನಾಡಿನಲ್ಲಿ ನೆಲೆಸಿದ ನಮಗೆ ಈ ಮಾತು ಇನ್ನಷ್ಟು ಹತ್ತಿರದ್ದು. ವರ್ಷದಲ್ಲಿ ಒಂದೆರಡು ಸಲ, ದಸರೆಗೋ ದೀಪಾವಳಿಗೋ ಊರಿನ ಜಾತ್ರೆಗೋ, ವಾರವೆಲ್ಲ ಪಾರ್ಕಿಂಗಿನಲ್ಲಿ ನಿಂತಿದ್ದ ಗಾಡಿಯನ್ನು ತೆಗೆದು ಮುಂಬಯಿ, ಪುಣೆಗಳಿಂದ ಬೆಳಗಾವಿಯತ್ತ, ಹೈದರಾಬಾದಿನಿಂದ ಕಲಬುರಗಿಯತ್ತ ಹೊರಡುತ್ತೇವೆ. ನಗರದ ಆಮೆನಡೆಯಲ್ಲಿ ಗೊತ್ತೇ ಆಗದ ಸಡಿಲವು ನೂರರ ವೇಗದ ಹೆದ್ದಾರಿಯಲ್ಲಿಯೂ ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿಯೂ ಮೊದಲ ಬಾರಿಗೆ ಬಾಯಿ ತೆರೆಯುತ್ತದೆ. ಹೊರಡುವ ಮೊದಲು ಹೊಸ ಸೀಟ್ ಕವರು, ಹೊಸ ಸ್ಪೀಕರು ಹಾಕಿಸಲು ಸಿಗುವ ಬಿಡುವಿನಲ್ಲಿ ಅರ್ಧ ಗಂಟೆಯನ್ನು ಗಾಡಿಯ ಕೆಳಭಾಗಕ್ಕೆ ಕೊಡಬೇಕೆಂದು ಓದುಗರಲ್ಲಿ ನಮ್ಮ ಕೋರಿಕೆ. ಗಾಳಿ ಅಳೆಯಿಸಿ, ಟಯರಿನ ನಾಲ್ಕು ಅಂಕಿ ಓದಿ, ಜಾಯಿಂಟುಗಳನ್ನು ಮುಟ್ಟಿಸಿ ನೋಡಿ. ಬದಲಾವಣೆಯ ಆಸೆಯುಳ್ಳ ಮಕ್ಕಳಿದ್ದರೆ ಅವರನ್ನೂ ಆ ಗುಂಡಿಗೆ ಇಳಿಸಿ ತೋರಿಸಿ. ಅವರ ಆಸೆಯನ್ನು ಬೈದು ಓಡಿಸುವುದಕ್ಕಿಂತ, ಸವೆದ ಬುಶ್ಶೊಂದನ್ನು ಅವರ ಕೈಗೆ ಕೊಟ್ಟು ವಿವರಿಸುವುದು ಹೆಚ್ಚು ಫಲಕಾರಿ ಎಂದು ನಾವು ನಂಬುತ್ತೇವೆ.